ಅವಸರದಲ್ಲಿ ತಣಿಸಿದ ಹರಳು

ನನ್ನ ಹೆಂಡತಿ ಗಾಂಧಿ ಬಜಾರಿನಲ್ಲಿ ಹುರುಳಿಕಾಯಿಯನ್ನೂ ಒಂದೊಂದಾಗಿ ಮುರಿದು ನೋಡಿ ಆರಿಸುವವಳು. ನಾನು ಚೀಲ ಹಿಡಿದು ಸಿಡಿಮಿಡಿಗುಟ್ಟುತ್ತ ನಿಂತಿರುತ್ತಿದ್ದೆ. ಪ್ರಯೋಗಾಲಯದಲ್ಲೂ ಇದೇ ಜಗಳ. ಅವಳು ರಸಾಯನ ವಿಜ್ಞಾನಿ. ಸಾವಯವ ಅಣುಗಳಿಂದ ಕೂದಲಿನಷ್ಟು ಸಣ್ಣ ಕಪ್ಪು ಹರಳುಗಳನ್ನು ವಾರಗಟ್ಟಲೆ ಕಾದು ಬೆಳೆಸುತ್ತಿದ್ದಳು. ಅವನ್ನು ದ್ರವ ಹೀಲಿಯಂನಲ್ಲಿ ತಣಿಸಿ, ವಿದ್ಯುತ್ತು ಹೇಗೆ ಹರಿಯುತ್ತದೆಂದು ಅಳೆಯುವುದು ನನ್ನ ಕೆಲಸ.

"ನಿಧಾನಕ್ಕೆ ತಣಿಸ್ರೀ, ಅದೇನು ನಿಮ್ಮ ಕಾಫೀನಾ?" ಎನ್ನುತ್ತಿದ್ದಳು.

ನಿಧಾನವಾಗಿ ತಣಿಸಿದರೆ ಹರಳಿನೊಳಗಿನ ಅಯಾನುಗಳು ಕ್ರಮವಾಗಿ ಕೂರುತ್ತವೆ, ಕೊನೆಗೆ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಅದೇ ಅತಿವಾಹಕತೆ. ಅವಸರಪಟ್ಟರೆ ಅವು ಇದ್ದಲ್ಲೇ ಸಿಕ್ಕಿಕೊಳ್ಳುತ್ತವೆ. ಆಗ ಎಲೆಕ್ಟ್ರಾನುಗಳೆಂಬ ಪುಟ್ಟ ಅಯಸ್ಕಾಂತಗಳು ಒಂದು ಮೇಲೆ, ಒಂದು ಕೆಳಗೆ ಮುಖ ಮಾಡಿ ಸಾಲುಗಟ್ಟುತ್ತವೆ, ತಡೆ ಏರಿ ಹರಿವು ನಿಂತುಬಿಡುತ್ತದೆ. ತಾನು ಹೊಸದಾಗಿ ಬೆರೆಸಿದ ಹರಳಿನಲ್ಲೂ ಹೀಗೇ ಆಗುತ್ತದೆಂದು ಅವಳ ವಾದ. ನನಗೆ ನಂಬಿಕೆಯಿರಲಿಲ್ಲ. ನಿಧಾನದ ಅಳತೆ ಮುಗಿದು, ಅವಸರದ್ದು ಬಾಕಿ ಇರುವಾಗಲೇ ಅವಳು ತೀರಿಕೊಂಡಳು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಸೀರೆಗಳನ್ನೆಲ್ಲ ನಾದಿನಿಗೆ ಕೊಟ್ಟೆ. ಶಂಕರಪುರದ ಮನೆಯಲ್ಲಿ ಬೀರು ಖಾಲಿಯಾಯಿತು. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಆ ಹೊಸ ಹರಳೊಂದನ್ನು ಮಾತ್ರ ಬಿಟ್ಟುಕೊಡಲಾಗಲಿಲ್ಲ. ಅವಳು ಬೆಳೆಸಿದವುಗಳಲ್ಲಿ ಬಿರುಕು ಬಿಡದೆ ಉಳಿದದ್ದು ಅದೊಂದೇ. ತಟ್ಟನೆ ತಣಿಸಿದರೆ ಅದೂ ಒಡೆಯುವ ಸಂಭವವೇ ಹೆಚ್ಚು. ಅವಳ ವಿದ್ಯಾರ್ಥಿನಿಯ ಪ್ರಬಂಧ ಆ ಅಳತೆಗಾಗಿಯೇ ನಿಂತಿತ್ತು. ಆ ಹುಡುಗಿ ಕೇಳಿದಾಗಲೆಲ್ಲ ಹೀಲಿಯಂ ಬಂದಿಲ್ಲ, ಪಂಪು ಸರಿಯಿಲ್ಲ ಎಂದು ಸಬೂಬು ಹೇಳಿದೆ.

ಕೊನೆಗೊಂದು ಮಧ್ಯಾಹ್ನ ಅವಳೇ ಅಂದಳು: "ಹೋಗ್ಲಿ ಬಿಡಿ ಸರ್, ಅದನ್ನ ಹಾಗೇ ಇಟ್ಕೊಳ್ಳಿ. ನಾನು ಬೇರೆ ಟಾಪಿಕ್ ತಗೋತೀನಿ. ಮೇಡಂ ಹೇಳಿದ್ದು ನಿಜಾನಾ ಅಂತ ಯಾರಿಗೂ ಗೊತ್ತಾಗಲ್ಲ, ಅಷ್ಟೆ."

ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ಮರುದಿನವೇ ಹರಳನ್ನು ಒಂದೇ ಸಲಕ್ಕೆ ಹೀಲಿಯಂಗೆ ಇಳಿಸಿದೆವು. ಪರದೆಯ ಮೇಲೆ ತಡೆಯ ಗೆರೆ ಇಳಿಯುತ್ತ ಬಂದು, ಒಂದು ಕಡೆ ತಿರುಗಿ ನೆಟ್ಟಗೆ ಮೇಲೇರಿತು.

"ಬಂತು ಸರ್! ಮೇಡಂ ಹೇಳಿದ್ದೇ ಕರೆಕ್ಟು!" ಎಂದು ಹುಡುಗಿ ಕೂಗಿದಳು.

ಹೊರತೆಗೆದಾಗ ಹರಳು ಚೂರಾಗಿತ್ತು. ಚೂರುಗಳನ್ನು ಅವಳು ಪುಟ್ಟ ಸೀಸೆಗೆ ಹಾಕಿ ನನ್ನ ಮುಂದೆ ಹಿಡಿದಳು. ನೀನೇ ಇಟ್ಟುಕೋ ಎಂದೆ. ನನ್ನ ಹೆಂಡತಿಯ ಕೆಲಸ ಮುಗಿದಿತ್ತು. ಅವಳಿಗಾಗಿ ಇನ್ನು ನಾನು ಮಾಡಬೇಕಾದ್ದು ಏನೂ ಬಾಕಿ ಇರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು, ಅವಳು ಹೋದ ಮೇಲೆ ಮೊದಲ ಸಲ ಬಿಕ್ಕಿಬಿಕ್ಕಿ ಅತ್ತೆ.