ಬೆಳ್ಳಪ್ಪನವರ ಅಗಲಗಣ್ಣು

ಬೆಳಕು ಹರಿಯುವ ಹೊತ್ತು. ಬೆಳ್ಳಪ್ಪನವರು ಮೊಣಕಾಲುದ್ದ ನೀರಿನಲ್ಲಿ ನಿಂತು ಕ್ಯಾಮೆರಾದ ಮುಕ್ಕಾಲಿ ಊರುತ್ತಿದ್ದಾರೆ. ಅದು ಕೆಸರಿಗೆ ಇಳಿಯುತ್ತದೆ. ಎತ್ತಿ ಮತ್ತೆ ಊರುತ್ತಾರೆ. ಹೋದ ವಾರ ಇದೇ ಜಾಗದಲ್ಲಿ, ಗದ್ದೆಯ ಬದುವಿನ ಮೇಲೆ ಕೂತು ನಾವಿಬ್ಬರೂ ಎಲೆಯಡಿಕೆ ಹಾಕಿದ್ದೆವು. ಈಗ ಬದುವೂ ಇಲ್ಲ, ಗದ್ದೆಯೂ ಇಲ್ಲ. ಅಣೆಕಟ್ಟಿನ ಹಿಂದೆ ಶರಾವತಿ ಏರುತ್ತಿದೆ ಎಂದು ಪೇಪರಿನಲ್ಲಿ ಓದುವುದು ಬೇರೆ, ಕೂತೆದ್ದ ಜಾಗವನ್ನು ಹುಡುಕಿ ಕಾಣದೇ ಹೋಗುವುದೇ ಬೇರೆ.

ಸಾಗರದ ಪೇಟೆಯಲ್ಲಿ ಸಣ್ಣ ಸ್ಟುಡಿಯೋ ಇಟ್ಟಿರುವ ಬೆಳ್ಳಪ್ಪನವರಿಗೆ ಮದುವೆ, ನಾಮಕರಣದ ಫೋಟೋಗಳೇ ಹೊಟ್ಟೆಪಾಡು. ಈಚೆಗೆ ಮುಳುಗುವ ಊರುಗಳಿಂದ ಕರೆ ಬರುತ್ತಿದೆ. ಎಲ್ಲರದೂ ಒಂದೇ ಆಸೆ: ಮನೆ, ಅಂಗಳ, ಹಿಂದಿನ ಗುಡ್ಡ ಒಂದೇ ಪಟದಲ್ಲಿ ಬರಬೇಕು. ಹಳೆಯ ಲೆನ್ಸಿಗೆ ಅಷ್ಟು ಹಿಡಿಯುತ್ತಿರಲಿಲ್ಲ. ಮನೆ ಬಂದರೆ ಗುಡ್ಡದ ತಲೆ ಹಾರಿಹೋಗುತ್ತಿತ್ತು.

ಶಿವಮೊಗ್ಗದ ಅಂಗಡಿಯವನು ಹೆಚ್ಚು ನೋಟ ಹಿಡಿಯುವ ಅಗಲದ ಲೆನ್ಸು ಎರಡು ತೋರಿಸಿದ. ದೊಡ್ಡದು ತಂಬಿಗೆಯಷ್ಟು, ಮಬ್ಬಿನಲ್ಲೂ ಕೆಲಸಕ್ಕೆ ಬರುತ್ತದೆ. ಸಣ್ಣದಕ್ಕೆ ಮಬ್ಬಿನ ಬೆಳಕು ಸಾಲದು, ಆದರೆ ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಬೆಳ್ಳಪ್ಪನವರು ಸಣ್ಣದನ್ನೇ ತಂದರು.

“ಬಸ್ಸಿಳಿದು ಗುಡ್ಡ ಹತ್ತಿ ಇಳೀಬೇಕು, ಮಳೆ ಬಂದ್ರೆ ಅಂಗಿ ಒಳಗೆ ತುರುಕ್ಬೇಕು. ದೊಡ್ಡದನ್ನ ಹೊರೋಕೆ ಎತ್ತೇ ಬೇಕು. ಬೆಳಕು ಕಮ್ಮಿ ಆದ್ರೆ ಎಂತ, ಮುಕ್ಕಾಲಿ ಇಟ್ಟು ನಿಧಾನ ತೆಗೆದ್ರಾಯ್ತು. ಗುಡ್ಡ ಎಲ್ಲಿಗೆ ಓಡ್ತದೆ ಅಂದ್ಕಂಡೆ.”

ಹೊಸ ಲೆನ್ಸಿನಲ್ಲಿ ಮೊದಲು ತೆಗೆದದ್ದು ಈಗ ನಮ್ಮೆದುರಿಗಿರುವ ಈ ಮನೆಯನ್ನೇ, ಮುಳುಗಿದ ಗದ್ದೆಯ ಒಡತಿ ಕನ್ನಮ್ಮನವರದನ್ನು. ವಾಡಿಕೆಯಂತೆ ಎದುರಿನ ಗುಡ್ಡದ ಮೇಲೆ ನಿಂತು ತೆಗೆದರು. ಪಟ ಕೈಗೆ ಬಂದಾಗ ಕನ್ನಮ್ಮ ಅದನ್ನು ತಿರುಗಿಸಿ ಬೆನ್ನನ್ನೂ ನೋಡಿದರಂತೆ.

“ನಮ್ಮನೆ ಎಲ್ಲಿ ಮಾರಾಯ?”

ಬೆಳ್ಳಪ್ಪನವರು ಬೆರಳಿಟ್ಟು ತೋರಿಸಿದರು.

“ಇದಾ? ಇದು ಅಕ್ಕಿ ನುಚ್ಚು. ಇದ್ರಾಗೆ ನಾನು ಆರು ಮಕ್ಕಳು ಹೆತ್ನಾ?”

ಅದನ್ನು ಹೇಳುವಾಗ ಬೆಳ್ಳಪ್ಪನವರು ಈಗಲೂ ತಮ್ಮನ್ನೇ ಬೈದುಕೊಳ್ಳುತ್ತಾರೆ. “ಎಲ್ಲಾ ಬಂದಿತ್ತು, ಮನೆ ಮಾತ್ರ ಹೋಗಿತ್ತು. ಅಗಲದ ಲೆನ್ಸು ಎಲ್ಲಾನೂ ದೂರ ತಳ್ತದೆ. ನಾವು ಹತ್ರ ಹೋಗ್ಬೇಕು. ನಾನು ಲೆನ್ಸು ಬದಲಾಯಿಸ್ದೆ, ನಿಲ್ಲೋ ಜಾಗ ಬದಲಾಯಿಸ್ಲಿಲ್ಲ.”

ಮತ್ತೆ ತೆಗೆಯಲು ಇರುವುದು ಈ ಬೆಳಗು ಮಾತ್ರ. ಮಧ್ಯಾಹ್ನ ಲಾರಿ ಬರುತ್ತದೆ. ಮಾಡಿನ ಹಂಚು, ತೊಲೆ ಇಳಿಸಿ ತುಂಬಿಕೊಂಡು ಹೊಸನಗರದ ಕಡೆ ಸರ್ಕಾರ ಕೊಟ್ಟ ಜಾಗಕ್ಕೆ ಹೋಗಬೇಕು. ನೀರು ಅಂಗಳದ ಮೆಟ್ಟಿಲಿಗೆ ಬಂದಿದೆ. ಬೆಳ್ಳಪ್ಪನವರು ಇನ್ನು ನಾಲ್ಕು ಹೆಜ್ಜೆ ಹಿಂದೆ ಸರಿದರೆ ಎದೆಮಟ್ಟ. ಹಳೆಯ ಲೆನ್ಸಾಗಿದ್ದರೆ ಇಲ್ಲಿಂದ ಬಾಗಿಲೊಂದೇ ಸಿಗುತ್ತಿತ್ತು.

ಕನ್ನಮ್ಮ ಜಗಲಿಯಿಂದಿಳಿದು ಮೆಟ್ಟಿಲ ಮೇಲೆ ಕೂರುತ್ತಾರೆ.

“ಅಲ್ಲಾಡ್ಬೇಡ ಅಕ್ಕ.”

“ಅಲ್ಲಾಡ್ದೇ ಇಷ್ಟು ವರ್ಷ ಕೂತಿದ್ದೆ. ಈಗಲ್ವಾ ಎಬ್ಬಿಸ್ತಿರೋದು. ಗುಡ್ಡ ಬಂತಾ?”

“ಬಂತು.”

“ಬಾವಿಕಟ್ಟೆ?”

“ಬಂತು.”

“ಗದ್ದೆ?”

ಬೆಳ್ಳಪ್ಪನವರು ಕ್ಯಾಮೆರಾದಿಂದ ತಲೆಯೆತ್ತುತ್ತಾರೆ. “ಗದ್ದೆ ಮೇಲೇ ನಿಂತಿದೀನಿ ಅಕ್ಕ.”

ಕನ್ನಮ್ಮ ನೀರನ್ನು ನೋಡುತ್ತಾರೆ, ಆಮೇಲೆ ಕ್ಯಾಮೆರಾವನ್ನು. ಸೆರಗು ಸರಿಮಾಡಿಕೊಳ್ಳುತ್ತಾರೆ. ಬೆಳ್ಳಪ್ಪನವರು ಉಸಿರು ಹಿಡಿದು ಗುಂಡಿ ಒತ್ತುತ್ತಾರೆ.

ವಾಪಸು ಗುಡ್ಡ ಹತ್ತುವಾಗ ಅವರು ಅಂಗಿಯ ಜೇಬಿನ ಮೇಲಿನ ಕೈ ತೆಗೆಯುವುದಿಲ್ಲ, ಲೆನ್ಸು ಅಲ್ಲಿದೆ. ತುದಿಗೆ ಬಂದ ಮೇಲೆ ಒಂದೇ ಮಾತು:

“ಈ ಸಲ ಅಕ್ಕ ಪಟದಾಗೆ ಮನೆ ಹುಡುಕ್ಬೇಕಾಗಿಲ್ಲ.”