ಬಯಲಲ್ಲೇ ಕೂರುವ ಅವ್ವ

ಹಸಿ ಸಿಮೆಂಟಿನ ವಾಸನೆ ಬಂದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಇಂದು ಬೆಳಿಗ್ಗೆ ಎದುರು ಮನೆಯವರು ಕಟ್ಟೆ ಕಟ್ಟಿಸುತ್ತಿದ್ದರು. ನಾನು ಮೆಲ್ಲಗೆ ಕಿಟಕಿ ಮುಚ್ಚಿದೆ. "ಮತ್ತ ನೆನಪಾತೇನ್ರಿ?" ಎಂದು ಹೆಂಡತಿ ನಕ್ಕಳು. ಮುಚ್ಚಿಡುವುದೇನಿದೆ, ನಿಮಗೂ ಹೇಳಿಬಿಡುತ್ತೇನೆ.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಪೌರನೀತಿ ಕಲಿಸಿದವನು. ಯಾರು ಬೇಕಾದರೂ ತಮ್ಮ ದೇವರನ್ನು ತಮ್ಮ ರೀತಿಯಲ್ಲೇ ಪೂಜಿಸಬಹುದು ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ! ನಿವೃತ್ತನಾಗಿ ತೊರವಿ ಕಡೆಯ ಹೊಸ ಬಡಾವಣೆಗೆ ಬಂದ ಮೇಲೆ ಊರು ಉದ್ಧಾರ ಮಾಡುವ ಹುಚ್ಚು ಹಿಡಿಯಿತು. ಕೆಲಸವಿಲ್ಲದ ಮಾಸ್ತರರಿಗೆ ಹಿಡಿಯುವ ಮಾಮೂಲಿ ಕಾಯಿಲೆ ಅದು.

ಉದ್ಯಾನಕ್ಕೆಂದು ಬಿಟ್ಟ ಜಾಗದಲ್ಲಿ ಒಂದು ಬೇವಿನ ಮರವಿದೆ. ಅದರ ಮುಂದೆ ಸಾಲಾಗಿ ಏಳು ಕಲ್ಲು, ಮೈತುಂಬ ಕುಂಕುಮ. ಆಚೆ ತಾಂಡಾದ ಲಂಬಾಣಿ ಜನರ ಸೀತಳಾ ದೇವಿ ಅದು. ಬಡಾವಣೆ ಹುಟ್ಟುವ ಎಷ್ಟೋ ಮೊದಲಿನಿಂದ ಅಲ್ಲಿದ್ದವಳು. ನಮಗೆ ಹಾಲು ಕೊಡುವ ಸೋಮ್ಲಾಬಾಯಿ ದಿನಾ ಅಲ್ಲಿ ಕೈಮುಗಿದೇ ಬರುತ್ತಿದ್ದಳು. ದೇವಿ ಬಿಸಿಲಲ್ಲಿ ಕೂತಿದ್ದಾಳಲ್ಲ ಎಂದು ನನ್ನ ಕರುಳು ಚುರುಕ್ ಎಂದಿತು. ಸೋಮ್ಲಾಬಾಯಿ ಮಗಳ ಬಾಣಂತನಕ್ಕೆ ಮಮದಾಪುರಕ್ಕೆ ಹೋಗಿದ್ದಾಗ ಮುಂದೆ ನಿಂತು ಗೋಡೆ, ಸ್ಲ್ಯಾಬು, ಕಬ್ಬಿಣದ ಗ್ರಿಲ್ಲು ಎಲ್ಲ ಮಾಡಿಸಿದೆ. ತಾಂಡಾದವರು ದೂರ ನಿಂತು ನೋಡಿ ಸುಮ್ಮನೆ ಹೋದರು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ತಿರುಗಿ ಬಂದ ಸೋಮ್ಲಾಬಾಯಿ ಗ್ರಿಲ್ಲು ಹಿಡಿದು ಒಳಗೆ ಇಣುಕಿದಳು.

"ಹ್ಯಾಂಗ ಆಗೇದ?" ಹಿಗ್ಗಿನಿಂದ ಕೇಳಿದೆ.

"ಚೆಂದ ಮಾಡೀರಿ, ಯಪ್ಪಾ. ಆದ್ರ ನಮ್ಮವ್ವ ಒಳಗ ಕುಂತ್ರ ದನಾ ಹ್ಯಾಂಗ ಕಾಯ್ತಾಳ್ರಿ?"

ವರ್ಷಕ್ಕೊಮ್ಮೆ ದೇವಿಯ ಹಬ್ಬದಲ್ಲಿ ತಾಂಡಾದ ದನ, ಆಡುಗಳೆಲ್ಲ ಆ ಕಲ್ಲಿನ ಸಾಲು ದಾಟಬೇಕಂತೆ. ದಾಟುವಾಗ ಬೆನ್ನ ಮೇಲೆ ಬೇಯಿಸಿದ ಕಾಳಿನ ಗುಗ್ಗರಿ ಎರಚಿದರೆ ರೋಗರುಜಿನ ಹತ್ತಿರ ಸುಳಿಯುವುದಿಲ್ಲವಂತೆ. ನನಗೆ ಗೊತ್ತಾಗಿದ್ದೇ ಆಗ. ಹಬ್ಬಕ್ಕೆ ಎಂಟೇ ದಿನ ಉಳಿದಿತ್ತು.

"ಬ್ಯಾರೆ ಕಡೆ ಕಲ್ಲು ಇಡಾಕ ಬರೂದಿಲ್ಲೇನು?"

"ಎಲ್ಲಿ ಇಡೂನ್ರಿ? ಎಲ್ಲಾ ಕಡೆ ಪ್ಲಾಟ್ ಆಗ್ಯಾವ. ಇರ್ಲಿ ಬಿಡ್ರಿ, ಇನ್ನ ಹಬ್ಬಾನ ಬಿಡತೇವಿ."

ಜಗಳಕ್ಕೆ ನಿಂತಿದ್ದರೆ ನಾನೂ ನಾಲ್ಕು ಮಾತಾಡಿ ಗೆಲ್ಲುತ್ತಿದ್ದೆ. ಅವಳು ಹಾಲು ಅಳೆದು ಕೊಟ್ಟು ಹೊರಟುಹೋದಳು. ಅಂದು ನನಗೆ ಊಟ ಸೇರಲಿಲ್ಲ.

ಬಡಾವಣೆಯ ಸಭೆ ಕರೆಸಿ, ತಪ್ಪು ನನ್ನದು, ಎಲ್ಲ ಒಡೆಸೋಣ ಎಂದೆ.

"ದನಾ ಬಂದು ಉದ್ಯಾನದಾಗ ಸೆಗಣಿ ಹಾಕಿದ್ರ ಯಾರ್ ಬಳೀತಾರ್ರಿ?" ಎಂದು ಅಧ್ಯಕ್ಷರು ಗುಡುಗಿದರು.

"ನಾ ಬಳೀತೇನ್ರಿ."

ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಇಷ್ಟು ಚಿಕ್ಕ ಪಾಠ ನಾನು ಹಿಂದೆಂದೂ ಮಾಡಿರಲಿಲ್ಲ. ಹಬ್ಬಕ್ಕೆ ಎರಡು ದಿನ ಮೊದಲು ಗೋಡೆ, ಸ್ಲ್ಯಾಬು ಎಲ್ಲ ಹೋದವು. ಅಂದಿನಿಂದ ಪ್ರತಿ ವರ್ಷ ಹಬ್ಬದ ದಿನ ಕೊಟ್ಟ ಮಾತಿನಂತೆ ಬುಟ್ಟಿ, ಕಸಬರಿಗೆ ಹಿಡಿದು ನಿಲ್ಲುತ್ತೇನೆ.

ಇಂದು ಮಧ್ಯಾಹ್ನವೂ ನಿಂತಿದ್ದೆ. ಕೊನೆಯ ಆಡು ದಾಟಿದ ಮೇಲೆ ಸೋಮ್ಲಾಬಾಯಿ ನನ್ನ ಕಡೆ ತಿರುಗಿದಳು.

"ನೀವೂ ದಾಟ್ರಿ, ಯಪ್ಪಾ."

ಧೋತರ ಎತ್ತಿ ಹಿಡಿದು ದಾಟಿದೆ. ಬೋಳುತಲೆಯ ಮೇಲೆ ಬೆಚ್ಚಗೆ ಗುಗ್ಗರಿ ಬಿತ್ತು. ಆಕೆ ತನ್ನ ಭಾಷೆಯಲ್ಲಿ ದೇವಿಗೆ ಏನೋ ಹೇಳಿದಳು. ಏನೆಂದು ಕೇಳಿದೆ.

"ಇವ್ರೂ ನಮ್ಮ ದನದಾಗ ಒಬ್ರು, ಕಾಯವ್ವಾ ಅಂದ್ನಿರಿ."

ನನ್ನನ್ನು ಈವರೆಗೆ ಯಾರೂ ಹಾಗೆ ಹರಸಿರಲಿಲ್ಲ. ತಲೆಯ ಮೇಲಿನ ಕಾಳು ಝಾಡಿಸದೆ ಹಾಗೇ ಮನೆಗೆ ನಡೆದೆ.