ಏಡಿಬೋನಿನ ಹಗ್ಗ

ನಮ್ಮ ಮನೆ ಓನರ್ ಕಿವಿಯ ಸಂದಿನಲ್ಲಿ ಯಾವಾಗಲೂ ಒಂದು ಮೊಂಡು ಕೆಂಪು ಪೆನ್ಸಿಲ್ ಇರುತ್ತಿತ್ತು. ಮರಗೆಲಸ ಬಿಟ್ಟು ವರ್ಷಗಳಾಗಿದ್ದರೂ, ಚರ್ಚಿಗೆ ಹೋಗುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ರಾಯಚೂರು ಕಡೆಯಿಂದ ಬಂದ ನಾನೂ ನನ್ನ ಹೆಂಡತಿಯೂ ಹಲಸೂರಿನ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆವು. ಅವರ ಮನೆಮಾತು ತಮಿಳು. ನಮ್ಮೊಡನೆ ಕನ್ನಡವನ್ನೇ ಆಡುತ್ತಿದ್ದರು. ಗಾಬರಿಯಾದಾಗ ಮಾತ್ರ ಕನ್ನಡ ಕೈಕೊಡುತ್ತಿತ್ತು.

ಹೆಂಡತಿಗೆ ಆಗ ಮೂರು ತಿಂಗಳು. ತಿಂದದ್ದೆಲ್ಲ ವಾಂತಿ. ದಿನೇ ದಿನೇ ಸೊರಗುತ್ತಿದ್ದವಳನ್ನು ನೋಡಿ ನನಗೆ ದಿಗಿಲಾಗಿತ್ತು. ಒಂದು ದಿನ, "ಹೊಳಿ ಏಡಿ ಸಾರಿದ್ರ ಒಂದ್ ರೊಟ್ಟಿ ತಿಂತಿದ್ದೆ ನೋಡ್ರಿ" ಎಂದಳು. ಕೇಳಿಸಿಕೊಂಡ ಓನರ್ ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗಿ ಏಡಿ ತಂದೇಬಿಟ್ಟರು. ಅದು ಸಮುದ್ರದ್ದು. ವಾಸನೆಗೇ ಅವಳು ಬಚ್ಚಲಿಗೆ ಓಡಿದಳು.

"ಬಿಡಪ್ಪಾ, ನಾವೇ ಹಿಡಿಯೋಣ" ಎಂದರು ಓನರ್.

ಅವರೇ ಪ್ಲೈವುಡ್ಡಿನಲ್ಲಿ ಮಾಡಿ ಡಾಂಬರು ಬಳಿದ ಒಂದು ಕಿರಿದಾದ ದೋಣಿಯಿತ್ತು. ಇಬ್ಬರು ಒಬ್ಬರ ಹಿಂದೊಬ್ಬರು ಕಾಲು ಚಾಚಿ ಕೂರಬೇಕು. ಭಾನುವಾರ ಅದನ್ನು ಲಗೇಜ್ ಆಟೋ ಮೇಲೆ ಕಟ್ಟಿಕೊಂಡು, ಟಿನ್ ಫ್ಯಾಕ್ಟರಿ ದಾಟಿ, ಕೆ.ಆರ್. ಪುರದಾಚೆಯ ಒಂದು ಕೆರೆಗೆ ಹೋದೆವು. ತಂತಿ ಬಲೆಯ ನಾಲ್ಕು ಬೋನುಗಳೊಳಗೆ ಕೋಳಿತಲೆ ಕಟ್ಟಿ, ಹಗ್ಗದ ತುದಿಗೆ ತೇಲಲೆಂದು ಖಾಲಿ ಎಣ್ಣೆ ಡಬ್ಬ ಬಿಗಿದು, ಜೊಂಡಿನ ಪಕ್ಕದಲ್ಲಿ ಒಂದೊಂದಾಗಿ ಮುಳುಗಿಸಿದರು. "ಏಡಿಗೆ ಅರ್ಜೆಂಟ್ ಇಲ್ಲಪ್ಪಾ. ಅರ್ಜೆಂಟ್ ಎಲ್ಲಾ ನಮಗೇ" ಎಂದು ದಡದಲ್ಲಿ ಕೂತು ಬನ್ ತಿಂದರು.

ಎರಡು ಗಂಟೆ ಬಿಟ್ಟು ಮತ್ತೆ ದೋಣಿಯಲ್ಲಿ ಹೋಗಿ ನೋಡಿದರೆ ಮೂರು ಬೋನು ಖಾಲಿ. ನಾಲ್ಕನೆಯದರ ಹಗ್ಗ ನನ್ನ ಕೈಗೆ ಬಂತು. ಭಾರವಿತ್ತು. ಹಿಂದಿನಿಂದ ಓನರ್ ಕೂಗಿದರು: "ಇಳು! ಇಳು!"

ದೋಣಿಗೆ ನೀರು ನುಗ್ಗಿತೇನೋ, ಇಳಿ ಎನ್ನುತ್ತಿದ್ದಾರೆ ಎಂದುಕೊಂಡೆ. ಇಳಿದೇಬಿಟ್ಟೆ. ದೋಣಿ ಮಗುಚಿತು. ಎದೆಮಟ್ಟದ ನೀರಿನಲ್ಲಿ ಮುಳುಗಿ ಎದ್ದ ಓನರ್ ಮೊದಲು ಕಿವಿ ಮುಟ್ಟಿಕೊಂಡರು. ಪೆನ್ಸಿಲ್ ಇರಲಿಲ್ಲ.

"ಯಾಕಪ್ಪಾ ಹಾರ್ದೆ?"

"ನೀವ ಇಳಿ ಅಂದ್ರಲ್ರೀ!"

"ಅಯ್ಯೋ ಕಡವುಳೇ! ತಮಿಳಲ್ಲಿ ಇಳು ಅಂದ್ರೆ ಎಳೆ ಅಂತ! ಹಗ್ಗ ಎಲ್ಲಿ?"

ಹಗ್ಗ ನನ್ನ ಮುಷ್ಟಿಯಲ್ಲೇ ಇತ್ತು. ಎಳೆದೆ. ಬೋನಿನಲ್ಲಿ ಐದು ಏಡಿ! ಮೈಯೆಲ್ಲ ಕೆಸರು ಮೆತ್ತಿಕೊಂಡು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಸಂಜೆ ಹೆಂಡತಿ ಎರಡು ರೊಟ್ಟಿ ತಿಂದಳು. ದಕ್ಕಿತು. ಬಾಗಿಲಾಚೆ ಉಸಿರು ಬಿಗಿಹಿಡಿದು ನಿಂತಿದ್ದ ಓನರ್ ಮೆಲ್ಲಗೆ ಶಿಲುಬೆ ಗುರುತು ಮಾಡಿಕೊಂಡರು.

ಹುಟ್ಟಿದ ಮಗಳನ್ನು ಅವರು ಎಂದೂ ಹೆಸರು ಹಿಡಿದು ಕರೆಯಲಿಲ್ಲ. "ನಂಡೂ" ಎನ್ನುತ್ತಿದ್ದರು, ಅವರ ಭಾಷೆಯಲ್ಲಿ ಏಡಿ. ನನ್ನನ್ನು ಮೆಟ್ಟಿಲ ಮೇಲೆ ಕಂಡಾಗಲೆಲ್ಲ "ನಿಧಾನಕ್ಕೆ ಇಳಿಯಪ್ಪಾ" ಎಂದು ಕಾಡುತ್ತಿದ್ದರು.

ಅವರು ತೀರಿಕೊಂಡಾಗ ಮಗಳು ಹೈಸ್ಕೂಲಿನಲ್ಲಿದ್ದಳು. ಶವಪೆಟ್ಟಿಗೆಯಲ್ಲಿ ಮಲಗಿದ್ದವರ ಕಿವಿಗೆ ಹೊಸ ಪೆನ್ಸಿಲ್ ಸಿಕ್ಕಿಸಿದವಳು ಅವಳೇ. ಸ್ಮಶಾನದಲ್ಲಿ, ಪೆಟ್ಟಿಗೆಯನ್ನು ಗುಂಡಿಗೆ ಬಿಡುವ ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಅಷ್ಟು ಬೇಗ ಅವರನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. "ಇಳಿಸಿ, ಇಳಿಸಿ" ಎಂದರು ಪಕ್ಕದವರು. ಉಳಿದ ಮೂವರು ಹಗ್ಗ ಸಡಿಲಿಸಿದರು. ನನಗೆ ಮಾತ್ರ ಇಳು ಎಂದೇ ಕೇಳಿಸಿತು. ನಾನು ಎಳೆದು ಹಿಡಿದೆ.